ಅಡ್ಡಗೊಯ್ತ ಮೀಮಾಂಸೆ: ಆಟೋನಗರ್ ಶಾಖೆ

ಮರವನ್ನು ಉದ್ದಕ್ಕೆ ಸೀಳುವವನಿಗೆ ನಾರು ದಾರಿ ತೋರಿಸುತ್ತದೆ. ಅಡ್ಡಕ್ಕೆ ಕೊಯ್ಯುವವನಿಗೆ ಯಾರೂ ತೋರಿಸುವುದಿಲ್ಲ. ಇಷ್ಟು ಕಣ್ಣಿಗೆ ಹೊಡೆಯುವ ಅನ್ಯಾಯದ ಬಗ್ಗೆ ನಮ್ಮ ಆರು ದರ್ಶನಗಳಲ್ಲಿ ಒಂದಾದರೂ ತುಟಿ ಬಿಚ್ಚಿಲ್ಲ. ಆತ್ಮ ಒಂದೋ ಹಲವೋ ಎಂದು ಸಾವಿರಾರು ವರ್ಷ ಕಿತ್ತಾಡಿದವರು, ಒಂದೇ ಅಳತೆಯ 30 ಹಲಗೆ ಕೊಯ್ದರೆ ಅವು ಒಂದೋ ಮೂವತ್ತೋ ಎಂದು ಕೇಳುವ ಗೋಜಿಗೇ ಹೋಗಲಿಲ್ಲ. ಈ ಕೊರತೆಯನ್ನು ನೀಗಿಸಲು ಪ್ರಸ್ತುತ ಪ್ರಬಂಧಕಾರನು, ಯಾರೂ ಕೇಳಿಕೊಳ್ಳದಿದ್ದರೂ, ಮುಂದೆ ಬಂದಿದ್ದಾನೆ.

ಮೊದಲು ಲಕ್ಷಣ. ಒಂದೇ ಉದ್ದದ, ಎರಡೂ ತುದಿ ಮೂಲೆಮಟ್ಟಕ್ಕೆ ಕೂರುವ ತುಂಡುಗಳನ್ನು ಸಾಲಾಗಿ ಕೊಯ್ಯುವುದೇ ಅಡ್ಡಗೊಯ್ತ. ಇಲ್ಲಿ ‘ಒಂದೇ ಉದ್ದದ’ ಎಂದದ್ದು ಗುತ್ತಿಗೆದಾರರನ್ನು ಹೊರಗಿಡಲು. ‘ಎರಡೂ ತುದಿ’ ಎಂದದ್ದು ಒಂದು ತುದಿಗೆ ಮಟ್ಟ ಹಿಡಿದು ನೋಡಿ ಬೀಡಿ ಹಚ್ಚುವವರನ್ನು ಹೊರಗಿಡಲು. ‘ಸಾಲಾಗಿ’ ಎನ್ನದಿದ್ದರೆ, ಜೀವಮಾನದಲ್ಲಿ ಒಂದು ತುಂಡನ್ನು ಸರಿಯಾಗಿ ಕೊಯ್ದು ಅದನ್ನೇ ಹೇಳಿಕೊಂಡು ತಿರುಗುವವರಿಗೂ ಲಕ್ಷಣ ಅನ್ವಯಿಸಿ ಅತಿವ್ಯಾಪ್ತಿ ದೋಷ ಬರುತ್ತಿತ್ತು. ಒಂದನ್ನೇ ಚೆನ್ನಾಗಿ ಕೊಯ್ಯುವವನು ಕವಿ. ಮೂವತ್ತನ್ನು ಚೆನ್ನಾಗಿ ಕೊಯ್ಯುವವನಿಗೆ ಮಾತ್ರ ಶಾಸ್ತ್ರ ಬೇಕು.

ಇನ್ನು ಕ್ಷೇತ್ರ. ಆಂಧ್ರದಲ್ಲಿ ಆಟೋನಗರ್ ಎಂಬ ಹೆಸರಿನ ಎರಡು ಪೀಠಗಳು ನಮಗೆ ಪ್ರಸ್ತುತ. ಒಂದು ವಿಜಯವಾಡದ್ದು, ಪಟಮಟ–ಕಾನೂರುಗಳ ಮಗ್ಗುಲಿಗೆ ಹರಡಿಕೊಂಡದ್ದು. ಇನ್ನೊಂದು ವಿಶಾಖಪಟ್ಟಣದ್ದು, ಗಾಜುವಾಕದ ಕಡೆಯದ್ದು. ವಿಶಾಖಪಟ್ಟಣದ ಪೀಠಕ್ಕೆ ಕನ್ನಡಿಗರು ಹಕ್ಕು ಸಾಧಿಸಬಹುದಾದ ಒಂದು ಎಳೆಯುಂಟು. 1940ರ ಕೊನೆಯಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರು ಮಾಡಿದ ವಾಲಚಂದ್ ಹೀರಾಚಂದರೇ ಮರುವರ್ಷ ವಿಶಾಖಪಟ್ಟಣದಲ್ಲಿ ಹಡಗುಕಟ್ಟೆಗೆ ಕೈ ಹಾಕಿದರು. ಅಲ್ಲಿ ಕಟ್ಟಿದ ‘ಜಲ ಉಷಾ’ ಹಡಗನ್ನು 1948ರ ಮಾರ್ಚಿನಲ್ಲಿ ನೆಹರೂ ನೀರಿಗೆ ಬಿಟ್ಟರು. ಇತ್ತ ಬೆಂಗಳೂರಿನ ವಿಮಾನದ ಕಾರ್ಖಾನೆ ಯುದ್ಧ ಮುಗಿದು ಕೆಲಸ ತೆಳ್ಳಗಾದಾಗ ರೈಲಿನ ಬೋಗಿ, ಬಸ್ಸಿನ ಬಾಡಿ ಕಟ್ಟಿತು. ಅಂದಮೇಲೆ ಆಕಾಶದಲ್ಲಿ ಹಾರಬೇಕಾದ್ದು ನೆಲಕ್ಕಿಳಿದು ಬಸ್ಸಾಯಿತು, ಬಸ್ಸಿನ ವಿದ್ಯೆ ಮೂಲದಲ್ಲಿ ಕನ್ನಡದ್ದು ಎಂದು ವಾದಿಸಬಹುದು. ವಾದಿಸಿದವರು ಗಾಜುವಾಕದಲ್ಲಿ ಚಹಾ ಸಿಗುತ್ತದೆಂದು ನಿರೀಕ್ಷಿಸಬಾರದು, ಅಷ್ಟೆ.

ಪ್ರಬಂಧಕಾರನ ಕ್ಷೇತ್ರಕಾರ್ಯವೆಲ್ಲ ವಿಜಯವಾಡದ ಪೀಠದಲ್ಲಿ ನಡೆಯಿತು. ಅಲ್ಲಿಗೆ ಚಾಸಿಗಳು ದಿಗಂಬರವಾಗಿ ಬರುತ್ತವೆ. ಮುಂದೆ ಗಾಜಿಲ್ಲ, ಹಿಂದೆ ಮೈಯಿಲ್ಲ. ಮುಖಕ್ಕೆ ಟವೆಲ್ ಸುತ್ತಿಕೊಂಡ ಚಾಲಕ ಹೆದ್ದಾರಿಯ ಗಾಳಿಗೆ ಎದೆಯೊಡ್ಡಿ ಕುಳಿತಿರುತ್ತಾನೆ. ಒಳಹೊಕ್ಕ ಚಾಸಿ ಕೆಲವು ವಾರಗಳ ನಂತರ ಹೊರಬರುವಾಗ ಲಾರಿಯೋ ಬಸ್ಸೋ ಆಗಿ, ಬಣ್ಣ ಬಳಿಸಿಕೊಂಡು, ದೃಷ್ಟಿಗೆ ನಿಂಬೆಹಣ್ಣು ಕಟ್ಟಿಸಿಕೊಂಡಿರುತ್ತದೆ. ನಡುವಿನ ಈ ಸಂಸ್ಕಾರದಲ್ಲಿ ಕಬ್ಬಿಣದ ಕೆಲಸಕ್ಕೇ ಹೆಚ್ಚು ಮರ್ಯಾದೆ. ಬೆಸುಗೆಯ ಕಿಡಿ ಎಲ್ಲರಿಗೂ ಕಾಣುತ್ತದೆ. ಮರದ ಕೆಲಸ ಒಳಗೆ, ನೆಲದ ಪ್ಲೈಯಲ್ಲಿ, ಸ್ಲೀಪರ್ ಬಸ್ಸಿನ ಬರ್ತ್ ಹಲಗೆಯಲ್ಲಿ ಅಡಗಿದೆ. ಮೇಲೆ ಫೋಮು, ಫೋಮಿನ ಮೇಲೆ ರೆಕ್ಸಿನ್. ವೇದಾಂತಿಗಳು ಇದನ್ನು ಕೋಶ ಎನ್ನುತ್ತಾರೆ.

ಇಲ್ಲಿ ಪೂರ್ವಪಕ್ಷಿ ಎದ್ದು ನಿಲ್ಲುತ್ತಾನೆ. ರೆಕ್ಸಿನ್ ಮುಚ್ಚುವ ಹಲಗೆಗೆ ಇಷ್ಟೊಂದು ಶಾಸ್ತ್ರ ಯಾಕೆ? ಎರಡು ಮಿಲಿಮೀಟರ್ ಅತ್ತಿತ್ತ ಆದರೆ ಯಾರಪ್ಪನ ಗಂಟು ಹೋಗುತ್ತದೆ?

ಉತ್ತರ: ಬರ್ತಿನ ಹಲಗೆ ಕೂರುವುದು ಬೆಸುಗೆ ಹಾಕಿದ ಕಬ್ಬಿಣದ ಚೌಕಟ್ಟಿನ ಒಳಗೆ. ಹಲಗೆ ದೊಡ್ಡದಾದರೆ ಕೂರುವುದಿಲ್ಲ. ಚಿಕ್ಕದಾದರೆ ಕೂರುತ್ತದೆ, ಆದರೆ ಸುಮ್ಮನಿರುವುದಿಲ್ಲ. ವಿಜಯವಾಡದಿಂದ ಬೆಂಗಳೂರಿನವರೆಗೆ ಇಡೀ ರಾತ್ರಿ ಕಟಕಟ ಎನ್ನುತ್ತದೆ. ಕೆಳಗಿನ ಬರ್ತಿನಲ್ಲಿ ಮಲಗಿದವನು ಮೇಲಿನವರ ಬಗ್ಗೆ ಏನೇನೋ ಕಲ್ಪಿಸಿಕೊಳ್ಳುತ್ತಾನೆ. ಎಷ್ಟೋ ನಿರಪರಾಧಿ ಪ್ರಯಾಣಿಕರ ಚಾರಿತ್ರ್ಯ ಹೀಗೆ ಮೂರು ಮಿಲಿಮೀಟರಿಗೆ ಬಲಿಯಾಗಿದೆ.

ಪೂರ್ವಪಕ್ಷಿ ಕುಳಿತುಕೊಂಡ. ಮುಂದಕ್ಕೆ ಹೋಗೋಣ.

ಅಳತೆಯ ವಿಷಯದಲ್ಲಿ ನಮ್ಮ ಪ್ರಮಾಣಗ್ರಂಥ ಅರ್ಥಶಾಸ್ತ್ರ. ಆ ಗ್ರಂಥದ ಓಲೆಯನ್ನು 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದವರು ರುದ್ರಪಟ್ಟಣದ ಶಾಮಶಾಸ್ತ್ರಿಗಳು. ಆದ್ದರಿಂದ ಅದರ ಮೇಲೆ ಕನ್ನಡಿಗ ಪ್ರಬಂಧಕಾರನಿಗೆ ಮನೆಮಗನ ಸಲಿಗೆ. ಕೌಟಿಲ್ಯನ ಲೆಕ್ಕದಲ್ಲಿ ಎಂಟು ಪರಮಾಣು ಸೇರಿದರೆ ರಥದ ಚಕ್ರದಿಂದ ಎದ್ದ ಒಂದು ಕಣ. ಅಂಥ ಎಂಟು ಕಣ ಒಂದು ಲಿಕ್ಷಾ, ಅಂದರೆ ಹೇನಿನ ಸೀರು. ಎಂಟು ಸೀರು ಒಂದು ಯೂಕಾ, ಅಂದರೆ ಪ್ರಾಯಕ್ಕೆ ಬಂದ ಹೇನು. ಎಂಟು ಹೇನು ಒಂದು ಜವೆಗೋಧಿಯ ನಡುದಪ್ಪ. ಎಂಟು ಜವೆ ಒಂದು ಅಂಗುಲ. ಅಂಗುಲವೆಂದರೆ ಮಧ್ಯಮ ಗಾತ್ರದ ಮನುಷ್ಯನ ನಡುಬೆರಳಿನ ನಡುಗೆಣ್ಣಿನ ಅಗಲ. ಇಂದಿನ ಲೆಕ್ಕದಲ್ಲಿ ಹೆಚ್ಚುಕಮ್ಮಿ ಮುಕ್ಕಾಲು ಇಂಚು, 19 ಮಿಲಿಮೀಟರ್.

19 ಮಿಲಿಮೀಟರ್! ಆಟೋನಗರಿನ ಯಾವ ಪ್ಲೈ ಅಂಗಡಿಗೆ ಹೋಗಿ ‘ದಪ್ಪದ್ದು ಕೊಡಿ’ ಎಂದರೂ ಎಳೆದು ತೋರಿಸುವುದು ಅದೇ. ಅಂಗುಲವನ್ನು 8ರಿಂದ ಭಾಗಿಸಿದರೆ ಜವೆ 2.4 ಮಿ.ಮೀ. ಆಗುತ್ತದೆ. ಹಳಿ ಗರಗಸದ, ಅಂದರೆ ಹಳಿಯ ಮೇಲೆ ಓಡುವ ಗರಗಸದ, ಅಲಗು ಮರದಲ್ಲಿ ತಿನ್ನುವ ಅಗಲ ಸುಮಾರು 2.2. ಮತ್ತೆ 8ರಿಂದ ಭಾಗಿಸಿದರೆ ಹೇನು, 0.3 ಮಿ.ಮೀ. ಒಳ್ಳೆಯ ಮೇಸ್ತ್ರಿ ತನ್ನ ಕೊಯ್ತದಲ್ಲಿ ಸಹಿಸುವ ತಪ್ಪು ಅಷ್ಟೇ. ರಥದ ಚಕ್ರದ ಕಣವನ್ನು ಅಳತೆಗೋಲಾಗಿಸಿದ ಗ್ರಂಥಕ್ಕೆ, ರಥಗಳಿಗೇ ಮೈ ಕಟ್ಟುವ ಊರಿನಲ್ಲಿ ಪ್ರಮಾಣ ಸಿಗದಿದ್ದರೆ ಇನ್ನೆಲ್ಲಿ ಸಿಗಬೇಕು? ಸೀರಿನ ಲೆಕ್ಕದ ನಿಖರತೆ ಕೇಳುವ ಗಿರಾಕಿಗಳೂ ಉಂಟು. ಅವರು ಸಾಮಾನ್ಯವಾಗಿ ಮುಂಗಡ ಕೊಡುವವರಲ್ಲ.

ಇನ್ನೂ ಒಂದು ರಹಸ್ಯ. ಹಳಿ ಗರಗಸದ ಜೊತೆಗೆ ಜರ್ಮನಿಯ ಫೆಸ್ಟೂಲ್ ಕಂಪನಿ ಮಾರುವ ಕೆಲಸದ ಮೇಜಿನ ತುಂಬ 20 ಮಿಲಿಮೀಟರಿನ ತೂತುಗಳು. ತೂತಿನಿಂದ ತೂತಿಗೆ 96 ಮಿಲಿಮೀಟರ್. ಅರ್ಥಶಾಸ್ತ್ರದ ಧನುಸ್ಸು ಎಷ್ಟು ಅಂಗುಲ? 96. ಗೂಢಚಾರರ ಪ್ರಕರಣವಿರುವ ಗ್ರಂಥದಿಂದಲೇ ಕದ್ದೊಯ್ದದ್ದು ಎಂದು ಘೋಷಿಸುವುದಷ್ಟೇ ಬಾಕಿಯಿತ್ತು. ಅಷ್ಟರಲ್ಲಿ ಗೊತ್ತಾದ ನೀರಸ ಸತ್ಯ ಏನೆಂದರೆ, ಯುರೋಪಿನ ಕಪಾಟುಗಳ ಪಕ್ಕದ ಹಲಗೆಯಲ್ಲಿ ಗೂಟದ ತೂತುಗಳ ನಡುವೆ ಇರುವುದು 32 ಮಿಲಿಮೀಟರ್, ಅದರ ಮೂರರಷ್ಟು 96. ಈ ಸತ್ಯವನ್ನು ಇಲ್ಲಿ ದಾಖಲಿಸಿದ್ದೇನೆ. ಆದರೂ ಧನುಸ್ಸಿನ ವಾದವನ್ನು ಹೊಡೆದುಹಾಕಿಲ್ಲ. ಯಾವ ಸಮ್ಮೇಳನದಲ್ಲಿ ಯಾವುದು ಬೇಕಾಗುತ್ತದೋ ಹೇಳಲಾಗದು.

ಮುಖ್ಯ ವಿವಾದಕ್ಕೆ ಬರೋಣ. 30 ಹಲಗೆಗಳು ಒಂದೇ ಉದ್ದ ಬರುವುದು ಯಾವುದರಿಂದ?

ಮಾಪನವಾದಿಗಳು ‘ಟೇಪಿನಿಂದ’ ಎನ್ನುತ್ತಾರೆ. ಪ್ರತಿ ತುಂಡಿಗೂ ಟೇಪು ಎಳೆ, ಪೆನ್ಸಿಲಿನಲ್ಲಿ ಗೀಟು ಹಾಕು, ಗೀಟಿನ ಮೇಲೆ ಕೊಯ್ಯಿ. ಎಷ್ಟು ಸಾತ್ವಿಕವಾಗಿ ಕೇಳಿಸುತ್ತದೆ! ಟೇಪಿನ ತುದಿಯ ಕೊಕ್ಕೆಯನ್ನು ಹಿಡಿದು ಅಲ್ಲಾಡಿಸಿ ನೋಡಿ. ಅದು ಸಡಿಲವಾಗಿದೆ. ಕೆಟ್ಟುಹೋಗಿ ಸಡಿಲವಾದದ್ದಲ್ಲ, ಬೇಕೆಂದೇ ಸಡಿಲ ಬಿಟ್ಟದ್ದು. ಒಳಗಿನಿಂದ ಒತ್ತಿ ಅಳೆಯುವಾಗಲೂ ಹೊರಗಿನಿಂದ ಕೊಕ್ಕೆ ಹಾಕಿ ಎಳೆಯುವಾಗಲೂ ಕೊಕ್ಕೆಯ ದಪ್ಪ ಲೆಕ್ಕಕ್ಕೆ ಬಾರದಿರಲೆಂದು ಅದು ತನ್ನ ದಪ್ಪದಷ್ಟೇ ಹಿಂದುಮುಂದು ಜಾರುತ್ತದೆ. ಆ ಟೇಪು ನಾಲ್ಕು ಸಲ ಚಾಸಿಯ ಮೇಲಿಂದ ಬಿದ್ದು ಕೊಕ್ಕೆ ಸೊಟ್ಟಗಾದರೆ ಉಪಾಯವೇ ಅಪಾಯ. ಮೇಲೆ ಪೆನ್ಸಿಲ್ ಗೀಟಿಗೆ ಅರ್ಧ ಮಿಲಿಮೀಟರ್ ದಪ್ಪವುಂಟು. ಅದರ ಎಡಕ್ಕೆ ಕೊಯ್ಯಬೇಕೋ ಬಲಕ್ಕೋ ನಡುವಿಗೋ ಎಂಬಲ್ಲಿ ಮಾಪನವಾದಿಗಳೇ ಮೂರು ಮತವಾಗಿ ಒಡೆಯುತ್ತಾರೆ. ಊಟಕ್ಕೆ ಮುಂಚೆ ಒಂದು ಮತ, ಊಟವಾದ ಮೇಲೆ ಇನ್ನೊಂದು ಮತ ಹಿಡಿಯುವವರೇ ಜಾಸ್ತಿ.

ಎರಡನೆಯವರು ಉಪಮಾನವಾದಿಗಳು. ಅವರಿಗೆ ಟೇಪು ಬೇಡ. ಮೊದಲ ತುಂಡನ್ನು ಎರಡನೆಯದರ ಮೇಲಿಟ್ಟು ಗೀಟು ಎಳೆ, ಎರಡನೆಯದನ್ನು ಮೂರನೆಯದರ ಮೇಲಿಡು. ಪೆನ್ಸಿಲ್ ಯಾವಾಗಲೂ ತುಂಡಿನ ಹೊರಗೇ ಓಡುವುದರಿಂದ ಪ್ರತಿ ಪೀಳಿಗೆಗೂ ಅರ್ಧ ಮಿಲಿಮೀಟರ್ ಏರುತ್ತದೆ. ಮೂವತ್ತನೆಯ ತುಂಡು ಮೊದಲನೆಯದಕ್ಕಿಂತ 14.5 ಮಿ.ಮೀ. ಉದ್ದವಿರುತ್ತದೆ. ಗುರುಶಿಷ್ಯ ಪರಂಪರೆಯ ಬಗ್ಗೆ ಇದಕ್ಕಿಂತ ನಿಷ್ಠುರವಾದ ವಿಮರ್ಶೆಯನ್ನು ನಾನು ಓದಿಲ್ಲ.

ಮೂರನೆಯವರು ತಡೆವಾದಿಗಳು. ಸಿದ್ಧಾಂತ ಇವರದ್ದು. ಇವರ ಆಚಾರ್ಯರು ಮಡಕಶಿರಾ ಕಡೆಯ ಒಬ್ಬ ಮೇಸ್ತ್ರಿ. ಮನೆಯಲ್ಲಿ ಕನ್ನಡ, ಶೆಡ್ಡಿನಲ್ಲಿ ತೆಲುಗು, ಮಷೀನಿನ ಜೊತೆ ಎರಡೂ. ‘ಯಾಕೆ ಮೇಸ್ತ್ರಿ, ಇನ್ನೊಂದ್ಸಲ ಅಳೆದು ನೋಡಲ್ವಾ?’ ಎಂದು ವಿನಯದಿಂದ ಕೇಳಿದ್ದಕ್ಕೆ ಅವರು ಕಿವಿಯ ಸಂದಿಯಿಂದ ಪೆನ್ಸಿಲ್ ಕೂಡ ತೆಗೆಯದೆ ಹೇಳಿದರು: ‘ಎರಡು ಸಲ ಅಳದ್ರೆ ಎರಡು ಅಳತಿ ಬರ್ತಾವು ಸಾರ್. ಒಂದೇ ಬೇಕಂದ್ರೆ ಒಂದೇ ಸಲ ಅಳೀಬೇಕು.’

ಪ್ರಮಾಣಶಾಸ್ತ್ರದ ಇತಿಹಾಸದಲ್ಲಿ ಇದೊಂದು ತಿರುವು. ಇದರ ವಿವರಣೆ ಹೀಗೆ. ಮೇಜಿನ ಅಂಚಿನಲ್ಲಿ ಒಂದು ಬೇಲಿ, ಅಂದರೆ ಹಲಗೆಯ ಉದ್ದಂಚು ಒರಗಿ ನಿಲ್ಲುವ ಪಟ್ಟಿ. ಬೇಲಿಗೆ ಸರಿಯಾಗಿ 90 ಡಿಗ್ರಿಯಲ್ಲಿ ಗರಗಸದ ಹಳಿ. ಬೇಲಿಯ ಮೇಲೆ, ಹಳಿಯಿಂದ ಬೇಕಾದಷ್ಟು ದೂರದಲ್ಲಿ, ಕದಲದಂತೆ ಬಿಗಿದ ಒಂದು ತಡೆಕಟ್ಟೆ. ಹಲಗೆಯ ತುದಿಯನ್ನು ತಡೆಗೆ ತಾಗಿಸು, ಅಂಚನ್ನು ಬೇಲಿಗೆ ಒತ್ತು, ಕೊಯ್ಯಿ. ಮತ್ತೊಂದು ಹಲಗೆ. ಮತ್ತೆ ಕೊಯ್ಯಿ. ಟೇಪು ಅಷ್ಟು ಹೊತ್ತಿಗೆ ಗೂಟದಲ್ಲಿ ನೇತಾಡುತ್ತಿರಬೇಕು. ಇಂಗ್ಲೆಂಡಿನ ಪೋರ್ಟ್ಸ್‌ಮತ್ ಬಂದರಿನಲ್ಲಿ ಮಾರ್ಕ್ ಬ್ರೂನೆಲ್ ಯೋಜಿಸಿ ಹೆನ್ರಿ ಮಾಡ್ಸ್‌ಲಿ ಕಟ್ಟಿದ 45 ಯಂತ್ರಗಳು 1808ರ ಹೊತ್ತಿಗೆ ವರ್ಷಕ್ಕೆ 1,30,000 ಮರದ ರಾಟೆಗಳನ್ನು ಯುದ್ಧನೌಕೆಗಳಿಗೆ ಮಾಡಿಕೊಟ್ಟದ್ದರ ಗುಟ್ಟೂ ಇದೇ ಜಾತಿಯದು. ಅಳತೆ ಕೆಲಸಗಾರನ ಕಣ್ಣಿನಿಂದ ಹೊರಟು ಕಬ್ಬಿಣದೊಳಗೆ ಹೋಗಿ ಕೂತಿತು. ಕಣ್ಣಿಗೆ ನಿದ್ದೆ ಬರುತ್ತದೆ, ಸಾಲದ ಚಿಂತೆ ಬರುತ್ತದೆ. ಕಬ್ಬಿಣಕ್ಕೆ ತುಕ್ಕು ಬಿಟ್ಟರೆ ಬೇರೇನೂ ಬರುವುದಿಲ್ಲ.

ಆದರೆ ತಡೆ ತಪ್ಪು ಜಾಗದಲ್ಲಿದ್ದರೆ? ಆಗ 30 ಹಲಗೆಯೂ ಒಂದೇ ರೀತಿ ತಪ್ಪಾಗುತ್ತವೆ. ತಡೆವಾದಿಗಳು ಇದನ್ನು ದೋಷವೆಂದು ಒಪ್ಪುವುದಿಲ್ಲ. ಚೌಕಟ್ಟನ್ನೇ ಹಲಗೆಗೆ ತಕ್ಕಂತೆ ಬೆಸುಗೆ ಹಾಕಿಸಬಹುದು ಎನ್ನುತ್ತಾರೆ. ಮೂವತ್ತು ಬಗೆಯ ತಪ್ಪಿಗೆ ಮೂವತ್ತು ಚೌಕಟ್ಟು ಹಾಕಿಸಲಾದೀತೇ?

ಈಗ ಗರಗಸದ ಸ್ವರೂಪ. ಆಟೋನಗರಿನಲ್ಲೂ ನಮ್ಮ ಊರುಗಳಲ್ಲೂ ಬಡಗಿಯ ಕೈಯಲ್ಲಿ ಹೆಚ್ಚಾಗಿ ಕಾಣುವುದು ಕಲ್ಲು ಕೊಯ್ಯುವ ನಾಲ್ಕಿಂಚಿನ ಮಾರ್ಬಲ್ ಕಟ್ಟರ್. ವಜ್ರದ ಅಲಗು ಬಿಚ್ಚಿ ಹಲ್ಲಿನ ಅಲಗು ಹಾಕಿದರೆ ಮರದ ಮಷೀನಾಯಿತು. ಹಲ್ಲು ಹಾಕಿದ ಮರುಕ್ಷಣ ಗಾರ್ಡು ಬಿಚ್ಚಿ ಮೂಲೆಗೆಸೆಯುವುದು ಸಂಪ್ರದಾಯ. ಈ ಸಂಪ್ರದಾಯವನ್ನು ಪಾಲಿಸಿದವರನ್ನು ಅವರ ಬೆರಳೆಣಿಸಿ ಗುರುತಿಸಬಹುದು. ಇಷ್ಟನ್ನು ಮಾತ್ರ ಪ್ರಬಂಧಕಾರನು ತಮಾಷೆಗೆ ಹೇಳುತ್ತಿಲ್ಲ.

ಕಟ್ಟರಿಗೆ ದಾರಿ ತೋರಿಸಲು ಗಾರೆ ಮಟ್ಟ ಮಾಡುವ ಅಲ್ಯೂಮಿನಿಯಂ ಪಟ್ಟಿಯನ್ನು ಕ್ಲಾಂಪು ಹಾಕಿ ನಿಲ್ಲಿಸುತ್ತಾರೆ. ಇಲ್ಲೊಂದು ತೊಡಕು. ಮಷೀನಿನ ತಳದ ಅಂಚಿಗೂ ಅಲಗಿಗೂ ನಡುವೆ ಒಂದಿಷ್ಟು ದೂರವಿದೆ. ಪಟ್ಟಿ ಇಡುವಾಗೆಲ್ಲ ಅದನ್ನು ಕೂಡಬೇಕು ಇಲ್ಲವೇ ಕಳೆಯಬೇಕು. ಕೂಡಬೇಕಾದಲ್ಲಿ ಕಳೆದ ಹಲಗೆಗಳು ಪ್ರತಿ ಶೆಡ್ಡಿನ ಹಿಂಭಾಗದಲ್ಲೂ ಇವೆ. ಮಳೆಗಾಲದಲ್ಲಿ ಅವುಗಳ ಮೇಲೆ ನಾಯಿಗಳು ಮಲಗುತ್ತವೆ. 1960ರ ದಶಕದಲ್ಲಿ ಜರ್ಮನಿಯ ಅದೇ ಫೆಸ್ಟೂಲ್, ಆಗಿನ್ನೂ ಫೆಸ್ಟೋ ಎಂಬ ಹೆಸರಿನಲ್ಲಿ, ಗರಗಸವನ್ನೇ ಹಳಿಯ ಮೇಲೆ ಕೂರಿಸಿ ಓಡಿಸಿದಾಗ ಈ ಕೂಡಿಕಳೆಯುವ ಬಾಧೆ ಹೋಯಿತು. ಹಳಿಯ ಅಂಚಿಗೆ ಒಂದು ರಬ್ಬರ್ ಪಟ್ಟಿಯಿರುತ್ತದೆ. ಹೊಸದರಲ್ಲಿ ಅದು ಸ್ವಲ್ಪ ಮುಂದಕ್ಕೆ ಚಾಚಿಕೊಂಡಿರುತ್ತದೆ. ಮೊದಲ ಓಟದಲ್ಲಿ ಅಲಗು ತನ್ನ ಗೆರೆಗೆ ಸರಿಯಾಗಿ ಅದನ್ನು ತಾನೇ ಕತ್ತರಿಸಿಕೊಳ್ಳುತ್ತದೆ. ಅಲ್ಲಿಂದಾಚೆಗೆ ರಬ್ಬರಿನ ಅಂಚು ಎಲ್ಲಿದೆಯೋ ಕೊಯ್ತ ಅಲ್ಲೇ. ಅಲಗು ಬದಲಿಸಿದರೆ ಮಾತ್ರ ಈ ಒಡಂಬಡಿಕೆ ಮುರಿಯುತ್ತದೆ.

ಹಳಿ ಕೊಳ್ಳಲು ಕಾಸಿಲ್ಲದವರಿಗೂ ಮೋಕ್ಷವುಂಟು. ಆರು ಮಿಲಿಮೀಟರ್ ಪ್ಲೈಯ ಅಗಲವಾದ ಪಟ್ಟಿಯ ಮೇಲೆ ನೇರವಾದ ರೀಪು ಅಂಟಿಸಿ, ಅದಕ್ಕೆ ತಳ ಒರಗಿಸಿ ಒಮ್ಮೆ ಮಷೀನು ಓಡಿಸಿದರೆ ಹೆಚ್ಚಿನ ಪ್ಲೈ ಕತ್ತರಿಸಿಹೋಗಿ ಉಳಿದ ಅಂಚೇ ಗೆರೆಯಾಗುತ್ತದೆ. ಮೇಸ್ತ್ರಿಯ ಶೆಡ್ಡಿನಲ್ಲಿ ಇದ್ದದ್ದು ಇದೇ. ರೀಪಿಗೆ ಮಾತ್ರ ಪ್ಲೈಯ ಕಾರ್ಖಾನೆ ಅಂಚು ಬಳಸಿದ್ದರು, ಅಲ್ಲಿ ಸಿಗುವ ಅತಿ ನೇರವಾದ ವಸ್ತು ಅದು. ಕತ್ತರಿಸಿ ಉಳಿದ ಗೆರೆಯಂಚು ಇನ್ನೊಂದು ಉಪಕಾರವನ್ನೂ ಮಾಡುತ್ತದೆ. ವೃತ್ತ ಗರಗಸದ ಹಲ್ಲು ಕೆಳಗಿನಿಂದ ಮೇಲಕ್ಕೆ ಏರುತ್ತ ಕೊಯ್ಯುವುದರಿಂದ ಪ್ಲೈಯ ಮೇಲಿನ ಪದರ ಸಿಬಿರೇಳುತ್ತದೆ. ಅಂಚು ಅದನ್ನು ಗೆರೆಯ ಪಕ್ಕದಲ್ಲೇ ಅದುಮಿ ಹಿಡಿಯುತ್ತದೆ. ಅದುಮಲು ಏನೂ ಇಲ್ಲದವರು ಚಂದದ ಮುಖವನ್ನು ಕೆಳಗೆ ಮಾಡಿ ಕೊಯ್ಯುತ್ತಾರೆ.

ಇನ್ನು ಲಂಬ. ಇಲ್ಲಿ ನೈಯಾಯಿಕರು ಕಾದು ಕುಳಿತಿರುವ ದೋಷವೊಂದಿದೆ. ಹಳಿ ಬೇಲಿಗೆ ಲಂಬವಾಗಿದೆ ಎಂದು ಹೇಗೆ ಗೊತ್ತು? ಮೂಲೆಮಟ್ಟ ಇಟ್ಟು ನೋಡಿದೆ. ಮೂಲೆಮಟ್ಟ ಸರಿಯಿದೆ ಎಂದು ಹೇಗೆ ಗೊತ್ತು? ಇನ್ನೊಂದು ಮೂಲೆಮಟ್ಟಕ್ಕೆ ಹಿಡಿದು ನೋಡಿದೆ. ಅದು? ಇದಕ್ಕೆ ಅನವಸ್ಥಾ ಎಂದು ಹೆಸರು. ಹೀಗೆ ಹಿಂದೆ ಹಿಂದೆ ಹೋದರೆ ಕೊನೆಗೆ ವಿಶ್ವಕರ್ಮನ ಮೂಲೆಮಟ್ಟಕ್ಕೇ ತಲುಪಬೇಕು, ಅದನ್ನು ಯಾರೋ ಕೇಳಿಕೊಂಡು ಹೋಗಿ ಮರಳಿ ತಂದುಕೊಟ್ಟಿರುವುದಿಲ್ಲ.

ಮೇಸ್ತ್ರಿ ಈ ದೋಷವನ್ನು ಬಗೆಹರಿಸಿದ್ದನ್ನು ಕಣ್ಣಾರೆ ಕಂಡೆ. ನೇರ ಅಂಚಿರುವ ಪ್ಲೈ ತುಂಡಿಗೆ ಮಟ್ಟ ಒರಗಿಸಿ ಒಂದು ಗೀಟು ಎಳೆದರು. ಮಟ್ಟವನ್ನು ಮಗುಚಿ, ಅದೇ ಬಿಂದುವಿನಿಂದ ಇನ್ನೊಂದು ಗೀಟು. ಮಟ್ಟ ನೆಟ್ಟಗಿದ್ದರೆ ಎರಡೂ ಒಂದರ ಮೇಲೊಂದು ಬೀಳುತ್ತವೆ. ಸೊಟ್ಟಗಿದ್ದರೆ ಕತ್ತರಿಯಂತೆ ಬಾಯಿ ಬಿಡುತ್ತವೆ, ಆ ಬಾಯಿ ನಿಜವಾದ ತಪ್ಪಿನ ಎರಡರಷ್ಟು. ಮಟ್ಟಕ್ಕೆ ಮಟ್ಟವೇ ಸಾಕ್ಷಿ. ಸ್ವತಃಪ್ರಾಮಾಣ್ಯವೋ ಪರತಃಪ್ರಾಮಾಣ್ಯವೋ ಎಂದು ಮೀಮಾಂಸಕರೂ ನೈಯಾಯಿಕರೂ ಶತಮಾನಗಟ್ಟಲೆ ಬಡಿದಾಡಿದ ಪ್ರಶ್ನೆಗೆ ಒಂದು ಪೆನ್ಸಿಲು ಸಾಕಾಯಿತು. ಅಲ್ಲಿಯೇ ಇದ್ದ ಹುಡುಗ ‘ಇದು ನಂಗೂ ಗೊತ್ತು’ ಎಂದ.

ಹುಡುಗನಿಗೆ ಗೊತ್ತಿಲ್ಲದ್ದು ಐದು ಕೊಯ್ತದ ಪರೀಕ್ಷೆ. ಸುಮಾರು 300 ಮಿ.ಮೀ. ಚದರದ ಒಂದು ತುಂಡು ತೆಗೆದುಕೊಂಡು ಒಂದು ಪಕ್ಕ ಕೊಯ್ಯಬೇಕು. ಕೊಯ್ದ ಪಕ್ಕವನ್ನು ಬೇಲಿಗೆ ತಿರುಗಿಸಿ ಮುಂದಿನದನ್ನು ಕೊಯ್ಯಬೇಕು. ಹೀಗೆ ನಾಲ್ಕೂ ಪಕ್ಕ ಮುಗಿಸಿ, ಮತ್ತೆ ಮೊದಲನೆಯದಕ್ಕೆ ಬಂದು ಒಂದು ಬೆರಳಗಲದ ಪಟ್ಟಿಯನ್ನು ಐದನೆಯದಾಗಿ ಕೊಯ್ಯಬೇಕು. ಹಳಿ ಒಂದಿಷ್ಟು ಸೊಟ್ಟಗಿದ್ದರೆ ಆ ಸೊಟ್ಟ ಪ್ರತಿ ತಿರುವಿನಲ್ಲೂ ಕೂಡುತ್ತ ಹೋಗಿ ಕೊನೆಯ ಪಟ್ಟಿಯಲ್ಲಿ ನಾಲ್ಕರಷ್ಟಾಗಿ ನಿಲ್ಲುತ್ತದೆ. ಪಟ್ಟಿಯ ಒಂದು ತುದಿ 21.6, ಇನ್ನೊಂದು ತುದಿ 20.8 ಎಂದುಕೊಳ್ಳಿ. ವ್ಯತ್ಯಾಸ 0.8. ನಾಲ್ಕರಿಂದ ಭಾಗಿಸಿದರೆ 300 ಮಿ.ಮೀ. ಉದ್ದಕ್ಕೆ 0.2 ಮಿ.ಮೀ. ಸೊಟ್ಟ. ಒಂದು ಹೇನಿಗಿಂತ ಕಡಿಮೆ, ತೇರ್ಗಡೆ. ಕರ್ಮಸಿದ್ಧಾಂತಕ್ಕೆ ಇಷ್ಟು ಅಚ್ಚುಕಟ್ಟಾದ ದೃಷ್ಟಾಂತ ಎಲ್ಲಿದೆ? ಕಣ್ಣಿಗೆ ಕಾಣದಷ್ಟು ಸಣ್ಣ ಪಾಪವನ್ನು ನಾಲ್ಕು ಜನ್ಮ ಸುತ್ತಿಸಿ ದೊಡ್ಡದು ಮಾಡಿ ಕೈಗೆ ಕೊಡುವುದು. ಡಿಗ್ರಿಯ ಹತ್ತನೇ ಒಂದು ಭಾಗ ಸೊಟ್ಟಗಿದ್ದರೂ 600 ಮಿಲಿಮೀಟರ್ ಅಗಲದ ಹಲಗೆಯಲ್ಲಿ ಅದು ಒಂದು ಮಿಲಿಮೀಟರಿಗೂ ಮೇಲಾಗುತ್ತದೆ ಎಂಬುದನ್ನು ನೆನಪಿಟ್ಟವರು ಪರೀಕ್ಷೆಯನ್ನು ಗೇಲಿ ಮಾಡುವುದಿಲ್ಲ.

ಲಂಬವನ್ನು ಒಮ್ಮೆ ಸಾಧಿಸಿದ ಮೇಲೆ ಉಳಿಸಿಕೊಳ್ಳುವುದಕ್ಕೆ ಜರ್ಮನಿಯ ಮೇಜಿನಲ್ಲಿ ಗೂಟಗಳಿವೆ. ಮೇಸ್ತ್ರಿಯ ಮೇಜಿನಲ್ಲಿದ್ದದ್ದು ಹಳೆಯ ಪಿಸ್ಟನ್ ಪಿನ್ನುಗಳು. ಎಂಜಿನ್ನಿನೊಳಗೆ ಪಿಸ್ಟನ್ನನ್ನು ಕನೆಕ್ಟಿಂಗ್ ರಾಡಿಗೆ ಸೇರಿಸುವ ಆ ಉಕ್ಕಿನ ಪಿನ್ನನ್ನು ಕನ್ನಡಿಯಂತೆ ಉಜ್ಜಿ ಅಳತೆಗಿಳಿಸಿರುತ್ತಾರೆ. ಎಂಜಿನ್ ಸತ್ತರೂ ಪಿನ್ನಿನ ದುಂಡುತನ ಸಾಯುವುದಿಲ್ಲ. ಗುಜರಿಯಿಂದ ಒಂದೇ ಗಾತ್ರದ ನಾಲ್ಕನ್ನು ಆರಿಸಿ, ಪ್ಲೈಯಲ್ಲಿ ಅವಕ್ಕೆ ತಕ್ಕ ತೂತು ಕೊರೆದು ಎರಡನ್ನು ಬೇಲಿಗೆ, ಎರಡನ್ನು ಹಳಿಗೆ ಒರಗುಗಂಬ ಮಾಡಿದ್ದರು. ಎರಡು ಬಿಂದುಗಳ ನಡುವೆ ಒಂದೇ ಸರಳರೇಖೆ ಎಂದು ಯೂಕ್ಲಿಡ್ ಹೇಳಿದ್ದು ಗೊತ್ತೇ ಎಂದು ಕೇಳಿದೆ. ಯಾವ ಗಾಡಿಯದು ಎಂದು ಕೇಳಿದರು.

ಬೌಧಾಯನನ ಹೆಸರೆತ್ತಿದಾಗ ಮಾತ್ರ ಸ್ವಲ್ಪ ಕಿವಿಗೊಟ್ಟರು. ಶುಲ್ಬಸೂತ್ರದ ಕಾಲದ ಶ್ಯೇನಚಿತಿ, ಗಿಡುಗನ ಆಕಾರದ ಯಜ್ಞವೇದಿ, ಪದರಕ್ಕೆ 200ರಂತೆ ಐದು ಪದರ ಸೇರಿ 1000 ಇಟ್ಟಿಗೆ. ಎಲ್ಲ ಕೆಲವೇ ಆಕಾರಗಳಲ್ಲಿ, ಸಂದು ಬಿಡದೆ ಕೂರಬೇಕು. ‘ಸಾವಿರಾನಾ?’ ಎಂದು ಮೇಸ್ತ್ರಿ ಹುಬ್ಬೇರಿಸಿದರು. ‘ಪೀಸ್ ರೇಟೋ, ದಿನಗೂಲಿಯೋ?’ ಶುಲ್ಬಕಾರರು ಈ ಬಗ್ಗೆ ಏನೂ ಬರೆದಿಟ್ಟಿಲ್ಲ.

ಈ ಅಧ್ಯಯನದಲ್ಲಿ ಅತ್ಯಂತ ಸಣ್ಣದಾಗಿದ್ದೂ ಅತ್ಯಂತ ಮುಖ್ಯವಾದದ್ದು ತಡೆಕಟ್ಟೆಯ ಕೆಳಮೂಲೆ. ಮೇಸ್ತ್ರಿಯ ತಡೆ ಒಂದು ಗಟ್ಟಿ ಮರದ ತುಂಡು. ಹಲಗೆ ತಾಗುವ ಮುಖದಲ್ಲಿ, ಮೇಜಿಗೆ ಹತ್ತುವ ಅಂಚನ್ನು ಉಳಿಯಿಂದ ಓರೆಯಾಗಿ ಕೆತ್ತಿ ತೆಗೆದಿದ್ದರು. ಅಲಂಕಾರಕ್ಕೆಂದು ಭಾವಿಸಿ ಟಿಪ್ಪಣಿ ಬರೆದುಕೊಂಡೆ. ಅದು ಧೂಳಿಗೆ ಬಿಟ್ಟ ಜಾಗ. ಕೊಯ್ದ ಹೊಟ್ಟು ತಡೆಯ ಬುಡದಲ್ಲಿ ಸೇರಿಕೊಳ್ಳುತ್ತದೆ. ಮುಂದಿನ ಹಲಗೆ ಅದನ್ನು ಅದುಮಿ ಗಟ್ಟಿ ಮಾಡುತ್ತದೆ, ಅದರ ಮುಂದಿನದು ಇನ್ನಷ್ಟು. ತಡೆ ಅಲುಗಿಲ್ಲ, ಹಳಿ ಅಲುಗಿಲ್ಲ, ಆದರೂ ಹಲಗೆಗಳು ಒಂದೊಂದಾಗಿ ಗಿಡ್ಡವಾಗುತ್ತ ಹೋಗುತ್ತವೆ. ಮೂಲೆ ಕೆತ್ತಿದ್ದರೆ ಹೊಟ್ಟು ಆ ಸಂದಿನೊಳಗೆ ಸರಿದು ನಿಲ್ಲುತ್ತದೆ, ಹಲಗೆ ಮಾತ್ರ ತಡೆಯ ಮುಖಕ್ಕೆ ತಾಗುತ್ತದೆ. ಇಷ್ಟಾದರೂ ಪ್ರತಿ ಕೊಯ್ತಕ್ಕೆ ಮುಂಚೆ ಹುಡುಗ ಬಾಗಿ ಉಫ್ ಎಂದು ಊದುತ್ತಿದ್ದ. ಅವನಿಗೆ ಬೇರೆ ಕೆಲಸ ಕೊಟ್ಟಿರಲಿಲ್ಲ. ಪ್ರಾಣಾಯಾಮಕ್ಕೆ ಕೂಲಿ ಕೊಡುವ ಏಕೈಕ ಸ್ಥಳವಾಗಿ ಆಟೋನಗರ್ ಯೋಗಶಾಸ್ತ್ರದ ವಿದ್ವಾಂಸರ ಗಮನಕ್ಕೂ ಅರ್ಹ.

ಇನ್ನು ಯಜ್ಞಪ್ರಕರಣ. ಎಂಟಡಿ ಪ್ಲೈಯಿಂದ ಎರಡಡಿಯ ಎಷ್ಟು ತುಂಡು ಬರುತ್ತವೆ? ನಾಲ್ಕು ಎಂದವರು ಗಣಿತಜ್ಞರು. ಮೂರೂ ಚಿಲ್ಲರೆ ಎಂದವರು ಬಡಗಿಗಳು. ಎರಡಡಿ ಎಂದರೆ 609.6 ಮಿ.ಮೀ. ನಾಲ್ಕಕ್ಕೆ 2438.4. ನಡುವೆ ಮೂರು ಕೊಯ್ತ, ಪ್ರತಿಯೊಂದಕ್ಕೂ ಅಲಗು 2.2 ತಿನ್ನುತ್ತದೆ, ಒಟ್ಟು 6.6. ಎಲ್ಲ ಸೇರಿ 2445. ಪ್ಲೈ ಇರುವುದು 2440. ನಾಲ್ಕನೆಯ ತುಂಡು ಐದು ಮಿಲಿಮೀಟರ್ ಗಿಡ್ಡ. ಪ್ರತಿ ಕೊಯ್ತದಲ್ಲೂ ಹೆಚ್ಚುಕಮ್ಮಿ ಒಂದು ಜವೆ ಆಹುತಿಯಾಗುತ್ತದೆ. ಯಜ್ಞದಲ್ಲಿ ಜವೆಧಾನ್ಯವನ್ನೇ ಹಾಕುತ್ತಿದ್ದುದರ ಮರ್ಮ ಈಗ ಹೊಳೆಯಬೇಕು. ಆಹುತಿಯನ್ನು ಲೆಕ್ಕಕ್ಕೆ ಹಿಡಿಯದೆ ಗಿರಾಕಿಗೆ ‘ನಾಲ್ಕು ಬರ್ತಾವೆ’ ಎಂದು ಮಾತು ಕೊಟ್ಟವನು ಐದನೆಯ ಮಿಲಿಮೀಟರಿನ ಹೊತ್ತಿಗೆ ನಾಸ್ತಿಕನಾಗುತ್ತಾನೆ.

ಅಡಿಯನ್ನು ಮಿಲಿಮೀಟರಿಗೆ ತಿರುಗಿಸುವಲ್ಲಿ ನಡೆಯುವ ಪವಾಡಕ್ಕೆ ಕನ್ನಡಿಗರಿಗೂ ಆಂಧ್ರದವರಿಗೂ ಸಮಾನವಾಗಿ ಪ್ರಿಯವಾದ ಒಂದು ತಡೆಕಟ್ಟೆ ಉದಾಹರಣೆ. ಆಲಮಟ್ಟಿ ಅಣೆಕಟ್ಟಿನಲ್ಲಿ ನೀರು ಎಲ್ಲಿಯವರೆಗೆ ನಿಲ್ಲಬೇಕು ಎಂಬ ವಾದದಲ್ಲಿ ಬರುವ ಅಂಕಿ 524.256 ಮೀಟರ್. ಕೃಷ್ಣಾ ನೀರು ಪ್ರಕಾಶಂ ಬ್ಯಾರೇಜು ಮುಟ್ಟುವ ಈ ಊರಿನಲ್ಲಿ ಆ ಅಂಕಿ ಹೇಳಿದರೆ ಶೆಡ್ಡಿನ ರೇಡಿಯೋ ಕೂಡ ಸುಮ್ಮನಾಗುತ್ತದೆ. ಅಲೆಯೇಳುವ ಜಲಾಶಯವನ್ನು ಮಿಲಿಮೀಟರಿಗೆ ಅಳೆದವರು ಯಾರಪ್ಪಾ ಎಂದು ಬೆರಗಾಗಬೇಡಿ. 1720 ಅಡಿಯನ್ನು 0.3048ರಿಂದ ಗುಣಿಸಿ, ಅಷ್ಟೆ. ದುಂಡು ಸಂಖ್ಯೆಯೊಂದು ಮೆಟ್ರಿಕ್ ಕೋಟು ತೊಟ್ಟು ಬಂದು ಮೂರು ದಶಮಾಂಶದ ಗಾಂಭೀರ್ಯ ಪಡೆಯಿತು. ಮೇಸ್ತ್ರಿ ಇದನ್ನು ಕೇಳಿ ನಕ್ಕರು. ನೀರು ಬಿಡುವ ವಿಷಯದಲ್ಲಿ ಅವರ ಅಭಿಪ್ರಾಯವನ್ನು ಮಾತ್ರ ಇಲ್ಲಿ ದಾಖಲಿಸುವಂತಿಲ್ಲ. ಮನೆಯಲ್ಲಿ ಆಡುವ ಮಾತಿಗೂ ಅದಕ್ಕೂ ಸಂಬಂಧ ಕಾಣಲಿಲ್ಲ.

ಆಯುಧಪೂಜೆಯ ದಿನ ಮಷೀನು, ಮೇಜು, ತಡೆ ಎಲ್ಲದಕ್ಕೂ ಅರಿಶಿನ ಕುಂಕುಮ ಬಳಿಯುತ್ತಾರೆ. ಇಂದ್ರಕೀಲಾದ್ರಿಯ ಕನಕದುರ್ಗೆಯ ದಸರಾ ನಡೆಯುವ ಊರಲ್ಲಿ ಅದನ್ನು ಬೇಡ ಎನ್ನಲಾಗದು. ತಡೆಯ ಮುಖಕ್ಕೆ ಕುಂಕುಮ ಬಿದ್ದರೆ ಒಂದು ಹೇನಿನಷ್ಟಾದರೂ ಅಳತೆ ಕೆಡುವುದಿಲ್ಲವೇ ಎಂಬ ಧರ್ಮಸಂಕಟಕ್ಕೆ ಮೇಸ್ತ್ರಿಯ ನಿರ್ಣಯ: ಹಿಂದಿನ ಮುಖಕ್ಕೆ ಬಳಿಯಬೇಕು. ದೇವಿಗೆ ಹಿಂದಿನಿಂದಲೂ ಕಾಣುತ್ತದೆ.

ಕೊನೆಗೊಂದು ಪ್ರಾಯಶ್ಚಿತ್ತ ವಿಧಿ. ಹಲಗೆಗಳೆಲ್ಲ ಮುಗಿದು, ಬಸ್ಸಿನೊಳಗೆ ಕೂತು, ತಡೆಯನ್ನು ಬಿಚ್ಚಿ, ಹುಡುಗ ಮೇಜು ಗುಡಿಸಿದ ಮೇಲೆ ಮಾಲೀಕ ಬಂದು ‘ಚಾಲಕನ ಹಿಂದೆ ಇನ್ನೊಂದು ಬರ್ತು ಹಾಕಿಬಿಡಿ’ ಎನ್ನುತ್ತಾನೆ. ಬಲ್ಲವರು ಇದಕ್ಕೆಂದೇ ತಡೆ ಬಿಚ್ಚುವ ಮುಂಚೆ ಎರಡು ತುಂಡು ಹೆಚ್ಚಿಗೆ ಕೊಯ್ದಿಡುತ್ತಾರೆ. ಅಂದು ಪ್ಲೈ ಸಾಲದೆ ಅದು ಆಗಿರಲಿಲ್ಲ. ಪ್ರಬಂಧಕಾರನು ಉತ್ಸಾಹದಿಂದ ಗೂಟದ ಟೇಪಿಗೆ ಕೈ ಹಾಕಿದ. ಮೇಸ್ತ್ರಿ ತಡೆದರು. ಟೇಪು ಹಾಕಿದರೆ ಹೊಸ ಅಳತೆ ಹುಟ್ಟುತ್ತದೆ, ಹಳೆಯದು ಬರುವುದಿಲ್ಲ. ಕೊಯ್ದ ಒಂದು ಹಲಗೆಯನ್ನೇ ತಂದು ಅದರ ಒಂದು ತುದಿಯನ್ನು ಹಳಿಯ ಅಂಚಿಗೆ ಸಮಮಾಡಿ, ಇನ್ನೊಂದು ತುದಿಗೆ ತಡೆಯನ್ನು ಒತ್ತಿ ಬಿಗಿದರೆ ಹೋದ ಅಳತೆ ಹೋದಲ್ಲಿಗೇ ಬಂದು ಕೂರುತ್ತದೆ. ಹಿಂದೆ ನಾವು ಖಂಡಿಸಿದ ಉಪಮಾನಕ್ಕೆ ಹೀಗೆ, ಪೆನ್ಸಿಲ್ ಮುಟ್ಟುವುದಿಲ್ಲವೆಂಬ ಷರತ್ತಿನ ಮೇಲೆ, ದರ್ಶನದೊಳಗೆ ಮತ್ತೆ ಜಾಗ ಸಿಕ್ಕಿತು.

ಒಂದೇ ತೊಂದರೆ, ಹಲಗೆಗಳೆಲ್ಲ ಬಸ್ಸಿನಲ್ಲಿದ್ದವು. ಮೇಸ್ತ್ರಿ ಹುಡುಗನ ಕೈಗೆ ಸ್ಕ್ರೂಡ್ರೈವರ್ ಕೊಟ್ಟು ಒಂದನ್ನು ಬಿಚ್ಚಿಕೊಂಡು ಬಾ ಎಂದರು. ಮೊದಲು ಕೊಯ್ದದ್ದನ್ನೇ ತರಬೇಕು, ಮೂಲಪ್ರತಿಗೆ ಹೆಚ್ಚಿನ ಪ್ರಾಮಾಣ್ಯ ಎಂದು ನಾನು ಗ್ರಂಥಸಂಪಾದನೆಯ ನಿಯಮ ವಿವರಿಸತೊಡಗಿದೆ. ಹುಡುಗ ಬಸ್ಸಿನ ಮೆಟ್ಟಿಲ ಮೇಲೆ ನಿಂತು ಇಬ್ಬರ ಮುಖವನ್ನೂ ನೋಡಿದ.

‘ಯಾವ್ದು ತರ್ಲಿ ಮೇಸ್ತ್ರಿ?’

‘ಎಲ್ಲಾ ಒಂದೇ ಅಲ್ಲೇನೋ. ಬಾಗಿಲ ಹತ್ರದ್ದು ಬಿಚ್ಚು.’